1883ರಿಂದ 8883ಕ್ಕೆ

ಶಿರಸಿ ಸುತ್ತಮುತ್ತಲಿನ ಅಡಿಕೆ ತೋಟಗಳಿಗೆ ನಾನು ಮೋಟರ್ ಕಂಟ್ರೋಲರ್ ಮಾಡಿಕೊಡುತ್ತೇನೆ. ಇಲ್ಲಿ ಮನೆ ಮೇಲೆ, ತೋಟ ಕೆಳಗೆ. ಪಂಪ್‌ಹೌಸು ಅದಕ್ಕೂ ಕೆಳಗೆ, ಹಳ್ಳದ ಪಕ್ಕ. ಮೂರು ಫೇಸ್ ಕರೆಂಟು ದಿನಕ್ಕೆ ಏಳು ತಾಸಿನ ಲೆಕ್ಕ, ಅದರಲ್ಲೂ ಒಂದು ಪಾಲು ರಾತ್ರಿ. ಬೇಸಿಗೆಯಲ್ಲಿ ಅಪರಾತ್ರಿ ಎದ್ದು, ಬ್ಯಾಟರಿ ಹಿಡಿದು ಇಳಿದು, ಸ್ಟಾರ್ಟರಿನ ಹಸಿರು ಬಟನ್ ಒತ್ತಿ ಬರುವ ಕಷ್ಟ ತಪ್ಪಲಿ ಎಂದು ಈ ಕೆಲಸಕ್ಕೆ ಕೈಹಾಕಿದ್ದು. ಸ್ಟಾರ್ಟರಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಎರಡು ರಿಲೇ, ಮೋಟರು ಎಳೆಯುವ ಆಂಪಿಯರ್ ನೋಡಲು ಒಂದು ಸಿಟಿ ಕಾಯಿಲ್, ಮತ್ತು ಇಎಸ್‌ಪಿ8266 ಚಿಪ್ ಇರುವ ಬೋರ್ಡು. ಶಾಂಘಾಯಿಯ ಎಸ್‌ಪ್ರೆಸಿಫ್ ಕಂಪನಿಯ ಈ ಚಿಪ್ ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ವೈಫೈ ಅದರೊಳಗೇ ಇದೆ. ಇನ್ನೂರು ಚಿಲ್ಲರೆ ರೂಪಾಯಿಗೆ ಬೋರ್ಡು ಕೈಗೆ ಬರುತ್ತಿತ್ತು. ನನ್ನಂಥ ಸಣ್ಣ ಕಸುಬಿನವನು ಇಂಥದ್ದಕ್ಕೆ ಕೈಹಾಕುವ ಧೈರ್ಯ ಮಾಡಿದ್ದೇ ಆ ಬೆಲೆ ನೋಡಿ.

ಮೋಟರು ಚಾಲೂ ಮಾಡುವುದು, ಬಂದ್ ಮಾಡುವುದು, ಒಂದು ಫೇಸ್ ಹೋದರೆ ತಕ್ಷಣ ಟ್ರಿಪ್ ಮಾಡುವುದು, ಇವೆಲ್ಲ ಬೇಗ ಕೂಡಿಬಂದವು. ನನ್ನನ್ನು ಬೇಸಿಗೆ ಬೇಸಿಗೆ ಅರೆದದ್ದು ಅದಕ್ಕೊಂದು ಭದ್ರವಾದ ಸಂಪರ್ಕ ಕಟ್ಟುವ ಕೆಲಸ.

ವ್ಯವಸ್ಥೆ ಹೀಗಿತ್ತು. ರೈತರ ಮೊಬೈಲಿನಿಂದ ಹೊರಟ ಸಂದೇಶ ಮೊದಲು ನಾನು ಬಾಡಿಗೆಗೆ ಪಡೆದ ಸರ್ವರಿಗೆ ಹೋಗುತ್ತದೆ. ಅಲ್ಲಿ ಮಸ್ಕಿಟೊ ಎಂಬ ಪ್ರೋಗ್ರಾಮು ಅದನ್ನು ಎತ್ತಿಕೊಂಡು ಸರಿಯಾದ ಬೋರ್ಡಿಗೆ ತಲುಪಿಸುತ್ತದೆ. ಈ ಬಗೆಯ ಸಂದೇಶ ಹಂಚುವ ಪದ್ಧತಿಗೆ ಎಂಕ್ಯೂಟಿಟಿ ಎನ್ನುತ್ತಾರೆ. ಅದರ ಮಾಮೂಲಿ ಪೋರ್ಟ್ 1883. ಆ ದಾರಿಯಲ್ಲಿ ಹೋಗುವುದೆಲ್ಲ ಬೆತ್ತಲೆ. ಬಳಕೆದಾರನ ಹೆಸರು, ಪಾಸ್‌ವರ್ಡು, ‘ಆನ್’, ‘ಆಫ್’ ಎಲ್ಲವನ್ನೂ ನಡುವೆ ನಿಂತವರು ಓದಬಹುದು.

ಓದಿಯೇ ತೋರಿಸಿದವನು ಒಬ್ಬ ಗಿರಾಕಿಯ ಮೊಮ್ಮಗ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವನು ರಜೆಗೆ ಬಂದಿದ್ದ. ನಾನು ಸರ್ವಿಸಿಗೆ ಹೋದ ದಿನ ಜಗುಲಿಯ ಮೇಲೆ ಲ್ಯಾಪ್‌ಟಾಪಿನಲ್ಲಿ ವೈರ್‌ಶಾರ್ಕ್ ಎಂಬ, ಜಾಲದಲ್ಲಿ ಹರಿಯುವ ಮಾತನ್ನು ತೋರಿಸುವ ಪ್ರೋಗ್ರಾಮು ತೆರೆದು ಕೂತಿದ್ದ. “ಅಂಕಲ್, ನಿಮ್ಮ ಪಾಸ್‌ವರ್ಡ್ ಇದೇ ಅಲ್ವಾ?” ಎಂದ. ಅದೇ. ಆಮೇಲೆ ಒಂದು ಸಾಲು ಟೈಪ್ ಮಾಡಿದ, ಕೆಳಗೆ ಕಣಿವೆಯಿಂದ ಮೋಟರಿನ ಸದ್ದು ಬಂತು. ಅಜ್ಜನಿಗೆ ಮೊಮ್ಮಗನ ಬುದ್ಧಿವಂತಿಕೆ ಕಂಡು ಖುಷಿಯೋ ಖುಷಿ. ನನಗೆ ಮಾತ್ರ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಏಪ್ರಿಲ್ ತಿಂಗಳಲ್ಲಿ ಇಲ್ಲಿಯ ಎಷ್ಟೋ ಬಾವಿಗಳಲ್ಲಿ ಒಂದೆರಡು ತಾಸು ಎತ್ತುವಷ್ಟೇ ನೀರು. ಯಾವನೋ ಮೋಜಿಗೆ ರಾತ್ರಿ ಮೋಟರು ಹಾಕಿಟ್ಟರೆ ನೀರಿಲ್ಲದೆ ತಿರುಗಿ ವೈಂಡಿಂಗ್ ಸುಡುತ್ತದೆ. ಬೋರಿನೊಳಗಿನ ಪಂಪಾದರೆ ಅದನ್ನು ಮೇಲೆತ್ತುವ ಖರ್ಚು ಬೇರೆ. ರೀವೈಂಡಿಂಗ್ ಆಗಿ ಬರುವುದರೊಳಗೆ ಸಸಿಗಳು ಒಣಗುತ್ತವೆ.

ಇದಕ್ಕೆ ಔಷಧಿ ಎಲ್ಲರಿಗೂ ಗೊತ್ತಿದ್ದದ್ದೇ: ಬ್ಯಾಂಕಿನ ವೆಬ್‌ಸೈಟಿಗೆ ಇರುವ ಟಿಎಲ್‌ಎಸ್ ಬೀಗವನ್ನೇ ಇಲ್ಲೂ ಹಾಕುವುದು. ಎಂಕ್ಯೂಟಿಟಿಗೆ ಆ ಬೀಗ ಹಾಕಿದಾಗ ಪೋರ್ಟ್ 8883 ಆಗುತ್ತದೆ. ಬೀಗ ಮಾಡುವ ಕೆಲಸ ಮೂರು. ಮಾತನ್ನು ಬೇರೆಯವರು ಓದದಂತೆ ಗೂಢಲಿಪಿ ಮಾಡುವುದು, ದಾರಿಯಲ್ಲಿ ತಿದ್ದದಂತೆ ಕಾಯುವುದು, ಆಚೆ ತುದಿಯಲ್ಲಿರುವುದು ನಿಜವಾಗಿಯೂ ನನ್ನ ಸರ್ವರೇ ಎಂದು ಪ್ರಮಾಣಪತ್ರ ನೋಡಿ ಖಾತ್ರಿಪಡಿಸುವುದು. ಮೊದಲ ಎರಡಕ್ಕೆ ಬೇಕಾದ ಗಣಿತವನ್ನು ಇಎಸ್‌ಪಿ8266 ನಿಧಾನವಾಗಿಯಾದರೂ ಮಾಡಿ ಮುಗಿಸುತ್ತದೆ. ನನ್ನ ಕಷ್ಟದ ದೊಡ್ಡ ಪಾಲು ಮೂರನೆಯದರದ್ದು.

ಆ ಮೂರನೆಯದನ್ನು ಬಿಟ್ಟುಬಿಡಲು ಒಂದೇ ಸಾಲು ಸಾಕು. ಲೈಬ್ರರಿಯಲ್ಲೇ ಸೆಟ್‌ಇನ್‌ಸೆಕ್ಯೂರ್ ಎಂಬ ಆದೇಶವಿದೆ. ಅದನ್ನು ಬರೆದರೆ ಬೋರ್ಡು ಯಾರ ಪ್ರಮಾಣಪತ್ರವನ್ನೂ ನೋಡದೆ ಕೈಕುಲುಕುತ್ತದೆ. ಈ ಕಸುಬಿನಲ್ಲಿರುವ ಗೆಳೆಯರ ಬಳಿ ಗೋಳು ಹೇಳಿಕೊಂಡಾಗಲೆಲ್ಲ ಬಂದ ಸಲಹೆ ಇದೇ: “ಆ ಒಂದು ಲೈನ್ ಹಾಕು, ಮನೆಗೆ ಹೋಗು.” ಹಾಕಿದರೆ ವೈರ್‌ಶಾರ್ಕಿನಲ್ಲಿ ಏನೂ ಕಾಣುವುದಿಲ್ಲ, ನಿಜ. ಆದರೆ ಅದೇ ಹುಡುಗ ಮನೆಯ ವೈಫೈ ಹೆಸರು, ಪಾಸ್‌ವರ್ಡಿನಲ್ಲೇ ತನ್ನ ಲ್ಯಾಪ್‌ಟಾಪಿನಿಂದ ಹಾಟ್‌ಸ್ಪಾಟ್ ಎಬ್ಬಿಸಿ, ನನ್ನ ಸರ್ವರಿನ ಹೆಸರು ಕೇಳಿದವರಿಗೆ ತನ್ನ ವಿಳಾಸ ಕೊಟ್ಟು, ತಾನೇ ಬರೆದ ಪ್ರಮಾಣಪತ್ರ ತೋರಿಸಿದರೆ ಮುಗಿಯಿತು. ಬೋರ್ಡು ಬಹಳ ಗುಟ್ಟಾಗಿ, ಯಾರಿಗೂ ಕೇಳದಂತೆ, ಪಾಸ್‌ವರ್ಡನ್ನು ಅವನ ಕೈಗೇ ಕೊಡುತ್ತದೆ. ಆ ಸಾಲು ಹಾಕುವುದಿಲ್ಲ ಎಂದು ಹಟ ಹಿಡಿದೆ. ಮುಂದಿನದೆಲ್ಲ ಆ ಹಟದ ಖರ್ಚು.

ಮೊದಲು ಎದುರಾದದ್ದು ಜಾಗದ ಕೊರತೆ. ಈ ಚಿಪ್ಪಿನಲ್ಲಿ ನಮ್ಮ ಪ್ರೋಗ್ರಾಮಿನ ಪಾಲಿಗೆ ಸಿಗುವ ರ‍್ಯಾಮ್ 80 ಕಿಲೋಬೈಟ್. ವೈಫೈ ಎದ್ದು ನಿಂತ ಮೇಲೆ ಉಳಿಯುವುದು 45 ಕಿಲೋಬೈಟ್ ಆಚೀಚೆ. ಟಿಎಲ್‌ಎಸ್ ನಿಯಮದ ಪ್ರಕಾರ ಆಚೆಯಿಂದ ಬರುವ ಒಂದೊಂದು ಕಂತು 16 ಕಿಲೋಬೈಟ್‌ವರೆಗೂ ಇರಬಹುದು. ಅದು ಪೂರ್ತಿ ಬಂದು ತಲುಪದೆ ಅಸಲಿಯೋ ನಕಲಿಯೋ ಹೇಳಲಾಗದು. ಹಾಗಾಗಿ ಬಂದರೂ ಬರದಿದ್ದರೂ 16 ಕಿಲೋಬೈಟನ್ನು ಒಂದೇ ತುಂಡಾಗಿ ಮೀಸಲಿಡಬೇಕು. ಲೆಕ್ಕದ ಸ್ಟ್ಯಾಕ್ ಬೇರೆ. ಥಾಮಸ್ ಪೋರ್ನಿನ್ ಎಂಬವರು ಬರೆದ ಬೇರ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿ ಇಲ್ಲದಿದ್ದರೆ ನಾನು ಅಲ್ಲಿಗೇ ಕೈಬಿಡುತ್ತಿದ್ದೆ. ಅದು ಪ್ರಮಾಣಪತ್ರಗಳ ಸರಪಣಿಯನ್ನು ಪೂರ್ತಿ ಮೆಮೊರಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಬಂದ ಹಾಗೇ ಓದಿ, ಬೇಕಾದ್ದನ್ನು ಉಳಿಸಿಕೊಂಡು, ಉಳಿದದ್ದನ್ನು ಬಿಡುತ್ತದೆ. ಇಕ್ಕಟ್ಟಿನಲ್ಲಿ ಬಾಳುವುದು ಹೇಗೆಂದು ಗೊತ್ತಿದ್ದವರು ಬರೆದದ್ದು ಅದು.

ಮೇಜಿನ ಮೇಲೆ ಎಲ್ಲ ಚೆಂದ ನಡೆಯಿತು. ತೋಟಕ್ಕೆ ಹೋದ ಬೋರ್ಡು ಒಂದಷ್ಟು ಹೊತ್ತು ಸರಿಯಿದ್ದು ಆಮೇಲೆ ಮೂಕಾಗುತ್ತಿತ್ತು. ಲ್ಯಾಪ್‌ಟಾಪ್ ಕಟ್ಟಿಕೊಂಡು ಪಂಪ್‌ಹೌಸಿನಲ್ಲಿ ಕೂತರೆ ಪರದೆಯ ಮೇಲೆ ‘ಎಕ್ಸೆಪ್ಶನ್ 29’. ಬರೆಯಬಾರದ ಜಾಗದಲ್ಲಿ ಬರೆಯಲು ಹೋಗಿ ಸತ್ತಿದೆ ಎಂದು ಅರ್ಥ. ಮೆಮೊರಿ ಕೇಳಿ, ಸಿಗದೆ, ಸಿಕ್ಕಿತೆಂದು ಮುಂದುವರಿದರೆ ಹೀಗಾಗುತ್ತದೆ. ಅದಕ್ಕೂ ಮುಂಚೆ ಅರ್ಥವಾಗದ ಚಿಹ್ನೆಗಳ ಒಂದು ರಾಶಿ ಬರುತ್ತಿತ್ತು. ಈ ಚಿಪ್ ಎದ್ದ ತಕ್ಷಣ ಆಡುವ ಮೊದಲ ಮಾತಿನ ವೇಗ 74880 ಬಾಡ್. ನಾವೆಲ್ಲ ಮಾಮೂಲಿನಂತೆ 115200ರಲ್ಲಿ ಕೇಳುತ್ತ ಕೂತಿರುತ್ತೇವೆ. ಏಕೆ ಸತ್ತೆ ಎಂದು ಅದು ಹೇಳುವುದು ಆ ಮೊದಲ ಮಾತಿನಲ್ಲೇ! ಇಂಥ ಸಂಖ್ಯೆಯನ್ನು ಯಾರು, ಏಕೆ ಆರಿಸಿದರೋ ಎಂದು ಹಲವು ರಾತ್ರಿ ಶಪಿಸಿದ್ದೇನೆ. ಅದು ಹಲಗೆಯ ಮೇಲಿನ 26 ಮೆಗಾಹರ್ಟ್ಸ್ ಹರಳಿನ ಲೆಕ್ಕದಿಂದ ತಾನಾಗಿ ಬಂದದ್ದೆಂದು ಆಮೇಲೆ ತಿಳಿಯಿತು.

ಮೆಮೊರಿ ನೋಡಿದರೆ 28 ಕಿಲೋಬೈಟ್ ಖಾಲಿ ಇದೆ ಎನ್ನುತ್ತದೆ, 16 ಕೇಳಿದರೆ ಇಲ್ಲ ಎನ್ನುತ್ತದೆ. ಮನೆಯ ರೂಟರು ಆಫಾಗಿ ಆನಾದಾಗಲೆಲ್ಲ ಬೋರ್ಡು ಹೊಸದಾಗಿ ಕೈಕುಲುಕಬೇಕು. ಪ್ರತಿ ಸಲ ಜಾಗ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಖಾಲಿ ಜಾಗವೆಲ್ಲ ಚೂರುಚೂರಾಗಿರುತ್ತಿತ್ತು. ಹುಬ್ಬಳ್ಳಿ ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಸೀಟು ಖಾಲಿ ಇದ್ದರೂ ಮನೆಮಂದಿ ಒಟ್ಟಿಗೆ ಕೂರಲಾಗದ ಹಾಗೆ.

ದಾರಿ ಸಿಕ್ಕಿದ್ದು ಒಂದು ಹಳೆಯ ನಿಯಮದಲ್ಲಿ. ‘ನನ್ನ ಕೈ ಚಿಕ್ಕದು, ಚಿಕ್ಕ ಕಂತುಗಳಲ್ಲಿ ಕೊಡು’ ಎಂದು ಬೋರ್ಡು ಮೊದಲ ಮಾತಿನಲ್ಲೇ ಸರ್ವರನ್ನು ಕೇಳಿಕೊಳ್ಳಬಹುದು. 512, 1024, 2048, 4096 ಬೈಟ್, ಈ ನಾಲ್ಕರಲ್ಲಿ ಒಂದು. 2011ರ ಆರ್‌ಎಫ್‌ಸಿ 6066 ಎಂಬ ನಿಯಮಪತ್ರದಲ್ಲಿ ಇದು ಬರೆದಿದೆ. ಆದರೆ ಸರ್ವರು ಒಪ್ಪಬೇಕಲ್ಲ. ಮಸ್ಕಿಟೊ ಈ ಬೀಗಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ಗೆ ಈ ಮಾತು ಅರ್ಥವಾಗತೊಡಗಿದ್ದು 1.1.1 ಆವೃತ್ತಿಯಿಂದ, ಅಂದರೆ 2018ರಿಂದ. ನನ್ನ ಬಾಡಿಗೆ ಸರ್ವರಿನಲ್ಲಿದ್ದದ್ದು ಅದಕ್ಕಿಂತ ಹಳೆಯದು. ಸರ್ವರನ್ನೇ ಹೊಸದಾಗಿ ಕಟ್ಟಿ, ಗಿರಾಕಿಗಳ ಖಾತೆಗಳನ್ನೆಲ್ಲ ಸಾಗಿಸಿ, 1024 ಎಂದು ಕೇಳಿದೆ. ಒಪ್ಪಿತು. ಹದಿನಾರರ ಜಾಗದಲ್ಲಿ ಒಂದು ಕಿಲೋಬೈಟ್! ಆ ದಿನ ಪೇಟೆಯಲ್ಲಿ ಒಂದರ ಮೇಲೊಂದು ಚಾ ಕುಡಿದೆ, ಸಿಕ್ಕಿದವರಿಗೂ ಕುಡಿಸಿದೆ.

ಇನ್ನು ಗಡಿಯಾರ. ನನ್ನನ್ನು ಹೆಚ್ಚು ಹಣ್ಣು ಮಾಡಿದ್ದು ಇದೇ. ಪ್ರಮಾಣಪತ್ರದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಊರ್ಜಿತ ಎಂದು ಬರೆದಿರುತ್ತದೆ. ಅದನ್ನು ನೋಡಿ ಹೌದು ಎನ್ನಬೇಕಾದ ಬೋರ್ಡಿಗೆ ಇವತ್ತು ಯಾವ ದಿನವೆಂದೇ ಗೊತ್ತಿಲ್ಲ. ಕರೆಂಟು ಬಂದು ಎದ್ದಾಗಲೆಲ್ಲ ಅದಕ್ಕೆ 1970ರ ಜನವರಿ 1. ಆ ಲೆಕ್ಕದಲ್ಲಿ ನನ್ನ ಸರ್ವರಿನ ಪ್ರಮಾಣಪತ್ರ ಇನ್ನೂ ಐವತ್ತು ವರ್ಷ ಕಾಯಬೇಕು. ‘ಇನ್ನೂ ಊರ್ಜಿತವಾಗಿಲ್ಲ’ ಎಂದು ಬಾಗಿಲು ಮುಚ್ಚುತ್ತದೆ. ಮನೆಯಲ್ಲಿರುವ ಉಪಕರಣಕ್ಕೆ ಇದು ಅಪರೂಪದ ಕಷ್ಟ. ಪಂಪ್‌ಹೌಸಿನಲ್ಲಿ ಮೂರು ಫೇಸ್ ಬಂದಾಗ ಮಾತ್ರ ಜೀವ; ಅಲ್ಲಿ ಇದು ದಿನದಿನದ ಕಷ್ಟ.

ಪುಸ್ತಕದ ಉತ್ತರ ಎನ್‌ಟಿಪಿ: ಎದ್ದೊಡನೆ ಇಂಟರ್ನೆಟ್ಟಿನ ಸಮಯದ ಸರ್ವರನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುವುದು. ಹೆಚ್ಚಿನ ಕಡೆ ನಡೆಯಿತು. ಕೆಲವು ಮನೆಗಳ ಸಂಪರ್ಕದಲ್ಲಿ 123ನೇ ಪೋರ್ಟಿನ ಉತ್ತರ ಬರುತ್ತಲೇ ಇರಲಿಲ್ಲ. ನಿಷೇಧವೋ, ರೂಟರಿನ ದೋಷವೋ, ಕೇಳಿದರೆ ಹೇಳುವವರಿಲ್ಲ. ಕಸ್ಟಮರ್ ಕೇರಿನ ಹುಡುಗಿ ರೂಟರು ಆಫ್ ಮಾಡಿ ಆನ್ ಮಾಡಿ ಎಂದಳು. ಸಮಯವಿಲ್ಲದೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ಸಂಪರ್ಕವಿಲ್ಲ. ಅಂಥದೊಂದು ತೋಟದಲ್ಲಿ ರಾತ್ರಿ ಕರೆಂಟಿಗೆ ಕಾಯುತ್ತ, ಸೊಳ್ಳೆಬತ್ತಿ ಹಚ್ಚಿಕೊಂಡು ಕೂತಿದ್ದೆ. ಯಜಮಾನರು ಎರಡು ಸಲ ಕಷಾಯ ತಂದುಕೊಟ್ಟರು. ಮೂರನೆಯ ಸಲ ಬರಿಗೈಯಲ್ಲಿ ಬಂದರು.

“ತಮ್ಮಾ, ಆ ಮಿಸ್ಡ್ ಕಾಲ್ ಸ್ಟಾರ್ಟರೇ ಚೊಲೋ ಇತ್ತಲ್ಲೋ.”

“ಅದರಲ್ಲೂ ನಿಮ್ಮ ನಂಬರ್ ಹೆಸರಲ್ಲಿ ಬೇರೆಯವರು ಫೋನ್ ಮಾಡಬಹುದು ಅಣ್ಣಾ.”

“ಮಾಡಲಿ ಮಾರಾಯ. ಅವ ಮಾಡಿದ್ರೂ ಮೋಟರ್ ಹತ್ತತಿತ್ತು. ಇದು ನಾ ಮಾಡಿದ್ರೂ ಹತ್ತೋದಿಲ್ಲ.”

ಅವರ ಮಾತಿಗೆ ನನ್ನ ಬಳಿ ಎದುರುತ್ತರ ಇರಲಿಲ್ಲ. ಆ ಒಂದು ಸಾಲು ಹಾಕಿ ಮನೆಗೆ ಹೋಗುವ ಆಸೆ ಅಂದಿನಷ್ಟು ಇನ್ನೆಂದೂ ಕಾಡಿಲ್ಲ.

ಕೊನೆಗೆ ಬೋರ್ಡಿಗೊಂದು ಗಡಿಯಾರವನ್ನೇ ಕಟ್ಟಿದೆ. ಡಿಎಸ್3231 ಎಂಬ ಚಿಪ್; ನಾಣ್ಯದಂಥ ಸಿಆರ್2032 ಸೆಲ್ ಹಾಕಿದರೆ ಕರೆಂಟಿಲ್ಲದಾಗಲೂ ಓಡುತ್ತದೆ, ವರ್ಷಕ್ಕೆ ಒಂದು ನಿಮಿಷದ ಆಸುಪಾಸು ಮಾತ್ರ ತಪ್ಪುತ್ತದೆ. ಅದಕ್ಕೂ ಒಂದು ಕಾಟವಿತ್ತು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಮಾಡ್ಯೂಲಿನಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ಒಂದು ಡಯೋಡು, ಒಂದು ರೆಸಿಸ್ಟರು ಇರುತ್ತವೆ. ಸಿಆರ್2032 ಚಾರ್ಜ್ ಆಗುವ ಜಾತಿಯದ್ದಲ್ಲ. ಐದು ವೋಲ್ಟ್ ಕೊಟ್ಟು ಬಿಟ್ಟರೆ ಉಬ್ಬುತ್ತದೆ. ಆ ರೆಸಿಸ್ಟರನ್ನು ಕಿತ್ತು ತೆಗೆಯುವುದು ನನ್ನ ಕೆಲಸದ ಒಂದು ಭಾಗವಾಯಿತು. ಎನ್‌ಟಿಪಿಯನ್ನು ಪೂರ್ತಿ ಬಿಡಲಿಲ್ಲ. ಆದರೆ ಆ ಉತ್ತರಕ್ಕೆ ಯಾರ ಸಹಿಯೂ ಇರುವುದಿಲ್ಲ. ಯಾರು ಬೇಕಾದರೂ ಸುಳ್ಳು ದಿನ ಹೇಳಿ, ಅವಧಿ ಮುಗಿದ ಪ್ರಮಾಣಪತ್ರವನ್ನು ಚಾಲ್ತಿಯದ್ದೆಂದು ನಂಬಿಸಬಹುದು. ಹಾಗಾಗಿ ಗಡಿಯಾರಕ್ಕೂ ಅದಕ್ಕೂ ಕೆಲವೇ ನಿಮಿಷದ ವ್ಯತ್ಯಾಸವಿದ್ದರೆ ಮಾತ್ರ ಒಪ್ಪು, ಇಲ್ಲವೆಂದರೆ ಗಡಿಯಾರದ ಮಾತೇ ಕೊನೆ ಎಂದು ಬರೆದೆ.

ಪ್ರಮಾಣಪತ್ರ ಯಾರಿಂದ ಪಡೆಯುವುದು? ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ, ಆಗ ತೊಂಬತ್ತು ದಿನದ ಅವಧಿಗೆ. ವೆಬ್‌ಸೈಟುಗಳಿಗೆ ಅದರಷ್ಟು ಉಪಕಾರ ಮಾಡಿದವರಿಲ್ಲ. ಬೋರ್ಡಿನಲ್ಲಿ ಸರ್ವರಿನ ಪ್ರಮಾಣಪತ್ರದ ಇಪ್ಪತ್ತು ಬೈಟಿನ ಬೆರಳಚ್ಚು ಬರೆದಿಡುವ ಸುಲಭ ಪದ್ಧತಿಯೊಂದಿದೆ. ಪ್ರಮಾಣಪತ್ರ ಹೊಸದಾದಾಗಲೆಲ್ಲ ಬೆರಳಚ್ಚೂ ಬದಲು, ಎಲ್ಲ ತೋಟಗಳನ್ನೂ ಸುತ್ತಬೇಕು. ಅದರ ಬದಲು ಮೂಲ ಸಹಿದಾರನ, ಅಂದರೆ ರೂಟಿನ ಗುರುತನ್ನೇ ಬೋರ್ಡಿನಲ್ಲಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಹಾಗೆಂದು ಯೋಚಿಸುತ್ತಿದ್ದಾಗಲೇ 2021ರ ಸೆಪ್ಟೆಂಬರ್ 30 ಬಂತು. ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ, ಲೆಟ್ಸ್ ಎನ್‌ಕ್ರಿಪ್ಟ್ ಆತುಕೊಂಡಿದ್ದ ಹಳೆಯ ರೂಟಿನ ಅವಧಿ ಅಂದು ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆಗೆ ಮುಗಿಯಿತು. 2000ನೇ ಇಸವಿಯಲ್ಲಿ ಅದನ್ನು ಮಾಡಿದ ದಿನವೇ ಆ ಗಳಿಗೆಯನ್ನು ಬರೆದಿಟ್ಟಿದ್ದರು. ತಿಂಗಳುಗಟ್ಟಲೆ ಮುಂಚೆ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆದರೂ ಹೊಸ ರೂಟಿನ ಪರಿಚಯವಿಲ್ಲದ ಎಷ್ಟೋ ಹಳೆಯ ಉಪಕರಣಗಳು ಜಗತ್ತಿನಾದ್ಯಂತ ಸಂಪರ್ಕ ಕಳೆದುಕೊಂಡವು. ಗೋಡೆಗೆ ಹೊಡೆದು ಮರೆತ ಪೆಟ್ಟಿಗೆಗೆ ಯಾರು ಹೋಗಿ ಹೊಸ ಪರಿಚಯ ಮಾಡಿಸುತ್ತಾರೆ?

ನನ್ನ ಬೋರ್ಡು ಮಾತಾಡುವುದು ನನ್ನ ಸರ್ವರಿನ ಜೊತೆ ಮಾತ್ರ. ಅದಕ್ಕೆ ಜಗತ್ತಿನವರ ಸಹಿ ಬೇಕಿಲ್ಲ. ನಾನೇ ಒಂದು ರೂಟ್ ಮಾಡಿಕೊಂಡೆ. ಅದರ ಖಾಸಗಿ ಕೀಲಿ ಇಂಟರ್ನೆಟ್ ಕಾಣದ ಪೆನ್‌ಡ್ರೈವಿನಲ್ಲಿ ಕಪಾಟು ಸೇರಿತು, ಇನ್ನೊಂದು ಪ್ರತಿ ಬೇರೆ ಮನೆಯ ಕಪಾಟು. ಆರ್‌ಎಸ್‌ಎ ಬಿಟ್ಟು ಪಿ-256 ವಕ್ರರೇಖೆಯ ಕೀಲಿ ಆರಿಸಿದೆ. ಸಹಿಯನ್ನು ತಾಳೆನೋಡಲು ಚಿಪ್ಪಿಗೆ ಅದು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ 256 ಬೈಟಿನ ಸಹಿ ಇದ್ದಲ್ಲಿ ಎಪ್ಪತ್ತರ ಆಸುಪಾಸು ಸಾಕು, ಇಡೀ ಪತ್ರವೇ ಚಿಕ್ಕದಾಗುತ್ತದೆ. ಚಿಪ್ಪಿನ ವೇಗವನ್ನು 80ರಿಂದ 160 ಮೆಗಾಹರ್ಟ್ಸಿಗೆ ಏರಿಸಿದ್ದರಿಂದ ಹೊತ್ತಿನ ನಷ್ಟವೂ ಸ್ವಲ್ಪ ತುಂಬಿಬಂತು. ರೂಟಿನ ಅವಧಿಯನ್ನು 2037ಕ್ಕೆ ನಿಲ್ಲಿಸಿದೆ. 32 ಬಿಟ್ಟಿನ ಸಮಯದ ಲೆಕ್ಕ 2038ರ ಜನವರಿ 19ಕ್ಕೆ ಮುಗಿಯುತ್ತದೆ. ಆ ತಲೆನೋವನ್ನು ಈಗಲೇ ಕರೆಯುವುದೇಕೆ?

ಇಷ್ಟಾದ ಮೇಲೂ ಕೆಲವು ಬೋರ್ಡುಗಳು ಕರೆಂಟು ಬಂದ ಗಳಿಗೆಯಲ್ಲಿ ಮತ್ತೆ ಮತ್ತೆ ಸಾಯುತ್ತಿದ್ದವು. ಇದು ಟಿಎಲ್‌ಎಸ್ ಕಾಟವೇ ಎಂದು ಬಹಳ ದಿನ ಅದರ ಬೆನ್ನು ಬಿದ್ದಿದ್ದೆ. 74880ರಲ್ಲಿ ಕೇಳಿದಾಗ ಅದು ಹೇಳಿದ ಕಾರಣ ಬೇರೆ: ಕರೆಂಟು ಹೋಗಿ ಬಂತು. ಲೈಟು ಆರಿರಲಿಲ್ಲ, ಮಂಕಾಗಿತ್ತು ಅಷ್ಟೇ. ಮೂರು ಫೇಸ್ ಬಂದ ಕೂಡಲೇ ಆ ಲೈನಿನ ಆಟೋ ಸ್ಟಾರ್ಟರುಗಳೆಲ್ಲ ಒಮ್ಮೆಗೇ ಮೋಟರು ಎತ್ತುತ್ತವೆ, ವೋಲ್ಟೇಜು ಕುಸಿಯುತ್ತದೆ. ವೈಫೈ ಹೆಚ್ಚು ಕರೆಂಟು ಎಳೆಯುವ, ಕೈಕುಲುಕುವ ಲೆಕ್ಕ ಅರ್ಧದಲ್ಲಿರುವ ಹೊತ್ತೂ ಅದೇ. ದಪ್ಪದೊಂದು ಕೆಪಾಸಿಟರ್ ಹಾಕಿ, ಎದ್ದ ಮೇಲೆ ಒಂದೊಂದು ಬೋರ್ಡು ಒಂದೊಂದು ಹೊತ್ತು ಸುಮ್ಮನಿದ್ದು ಆಮೇಲೆ ಸಂಪರ್ಕಕ್ಕೆ ಹೋಗುವಂತೆ ಮಾಡಿದೆ. ರೂಟರು ಬಿದ್ದೆದ್ದಾಗ ಹಳೆಯ ಸೆಷನ್ನನ್ನೇ ಮುಂದುವರಿಸುವ ಅನುಕೂಲ ಬೇರ್‌ಎಸ್‌ಎಸ್‌ಎಲ್‌ನಲ್ಲಿದೆ, ಅದನ್ನೂ ಸೇರಿಸಿದೆ.

ಹೊಸ ಪ್ರೋಗ್ರಾಮನ್ನು ತೋಟಗಳಿಗೆ ಮುಟ್ಟಿಸುವುದು ಉಳಿದಿತ್ತು. ಗಾಳಿಯಲ್ಲೇ ಕಳಿಸುವ ಸೌಲಭ್ಯ ಹಳೆಯ ಬೋರ್ಡಿನಲ್ಲೂ ಇತ್ತು, ಬೀಗವಿಲ್ಲದ ದಾರಿಯಲ್ಲಿ. ಬೀಗವನ್ನೂ ರೂಟಿನ ಗುರುತನ್ನೂ ಆ ದಾರಿಯಲ್ಲೇ ಕಳಿಸಿದರೆ ನಡುವೆ ಯಾವನಾದರೂ ತನ್ನ ರೂಟನ್ನು ತುರುಕಬಹುದು. ಇಷ್ಟು ದಿನದ ಹಟಕ್ಕೆ ಬೆಲೆಯೇ ಉಳಿಯುವುದಿಲ್ಲ. ಗಡಿಯಾರವನ್ನಂತೂ ಬೆಸುಗೆ ಹಾಕಲೇಬೇಕು. ಬೇಸಿಗೆಯಲ್ಲಿ ಡಬ್ಬಿ ಬಿಚ್ಚಲು ಯಾರೂ ಬಿಡುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಹೊರಟೆ. ಕೊಡೆ, ಕೇಬಲ್, ಸೋಲ್ಡರ್ ಗನ್ನು, ಉಂಬಳಕ್ಕೆ ಸುಣ್ಣ-ಹೊಗೆಸೊಪ್ಪು. ಎಷ್ಟೋ ಡಬ್ಬಿಗಳಲ್ಲಿ ಇರುವೆ ಗೂಡು ಕಟ್ಟಿತ್ತು. ಒಂದರಲ್ಲಿ ಹಲ್ಲಿ ಎರಡು ಫೇಸಿನ ನಡುವೆ ಸುಟ್ಟು ಅಂಟಿಕೊಂಡಿತ್ತು. ಮಳೆ ಮುಗಿಯುವ ಹೊತ್ತಿಗೆ ಎಲ್ಲ ಬೋರ್ಡುಗಳೂ 8883ಕ್ಕೆ ಬಂದವು, ಸರ್ವರಿನಲ್ಲಿ 1883ನ್ನು ಮುಚ್ಚಿದೆ.

ಹೊಸ ಡಬ್ಬಿಗಳಿಗೆ ಈಗ ಇಎಸ್‌ಪಿ32 ಬಳಸುತ್ತೇನೆ. 520 ಕಿಲೋಬೈಟ್ ರ‍್ಯಾಮ್, ಗೂಢಲಿಪಿಯ ಲೆಕ್ಕಕ್ಕೆ ಒಳಗೇ ಬೇರೆ ಯಂತ್ರ. 16 ಕಿಲೋಬೈಟಿಗೆ ಅದು ಮುಖ ಗಂಟಿಕ್ಕುವುದಿಲ್ಲ. ಆದರೆ ಕರೆಂಟು ಹೋಗಿ ಬಂದರೆ ಅದಕ್ಕೂ 1970ರ ಜನವರಿ 1, ಹಾಗಾಗಿ ಆ ನೀಲಿ ಮಾಡ್ಯೂಲಿನ ರೆಸಿಸ್ಟರು ಕೀಳುವ ಕೆಲಸ ತಪ್ಪಿಲ್ಲ.

ಕಷಾಯ ಕೊಟ್ಟ ಯಜಮಾನರಿಗೆ, ಅಂದರೆ ಆ ಹುಡುಗನ ಅಜ್ಜನಿಗೆ, ಬಿಲ್ಲು ಕೊಟ್ಟಾಗ ಕನ್ನಡಕ ಏರಿಸಿ ಓದಿದರು. “ಮೊದಲಿನದಕ್ಕೂ ಇದಕ್ಕೂ ಫರಕು ಏನು?” ಎಂದರು. ಮೊಮ್ಮಗ ಪಾಸ್‌ವರ್ಡ್ ಓದಲಾರ ಎಂದೆ. ಅವ ಓದಿದ್ರೆ ಓದಲಿ, ನಮ್ಮನೆ ಹುಡುಗನೇ ಅಲ್ವಾ ಎಂದರು. ಕರೆಂಟು ಬಂದ ಮೇಲೆ ಬೋರ್ಡು ಸಂಪರ್ಕಕ್ಕೆ ಬರಲು ಮೊದಲಿಗಿಂತ ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆಂದು ಹೇಳಿಬಿಟ್ಟಿದ್ದೆ. ಅದನ್ನು ಅವರು ಮರೆತಿರಲಿಲ್ಲ. “ನಿಧಾನ ಆಗಿದ್ದಕ್ಕೆ ದುಡ್ಡು ಜಾಸ್ತಿಯಾ?” ಎಂದು ಚೌಕಾಸಿಗೆ ನಿಂತರು. ಕೊನೆಗೆ ಗಡಿಯಾರ, ಸೆಲ್, ಕೆಪಾಸಿಟರಿನ ದುಡ್ಡು ಕೊಟ್ಟರು. ಮಜೂರಿಯ ಮಾತನ್ನು ಅಡಿಕೆ ವ್ಯಾಪಾರ ಆದ ಮೇಲೆ ನೋಡುವ ಎಂದಿದ್ದಾರೆ.